ಬಣ್ಣ ಇಂಗಿಸುವುದು, ಜಾಗ ಉಳಿಸುವುದು

ಬಿಳಿ ಪಂಚೆಯ ಮೇಲೆ ಹುಳಿ ಚೆಲ್ಲಿದರೆ ಉಳಿಯುವುದಕ್ಕೂ ಚಿತ್ರಕಾರರ ಕೈಯಲ್ಲಿ ಮೂಡುವುದಕ್ಕೂ ಕನ್ನಡದಲ್ಲಿ ಹೆಸರು ಒಂದೇ: ಕಲೆ. ವಸ್ತುಗಳ ರೂಪಕ್ಕೆ ಕಟ್ಟುಬೀಳದೆ ಬಣ್ಣ, ಗೆರೆಗಳಿಂದಲೇ ಭಾವ ಮೂಡಿಸುವ ಅಮೆರಿಕದ ಅಮೂರ್ತ ಅಭಿವ್ಯಕ್ತಿವಾದದ ಒಂದು ಕವಲಿಗಂತೂ ಈ ಪದ ಎರಡೂ ಅರ್ಥದಲ್ಲಿ ಒಪ್ಪುತ್ತದೆ. 1952ರ ಅಕ್ಟೋಬರ್ 26ರಂದು ನ್ಯೂಯಾರ್ಕ್‌ನಲ್ಲಿ 23 ವರ್ಷದ ಹೆಲೆನ್ ಫ್ರಾಂಕೆನ್‌ಥೇಲರ್ ಅವರು ಸುಮಾರು 2.2 ಮೀಟರ್ ಎತ್ತರ, 3 ಮೀಟರ್ ಅಗಲದ ಹತ್ತಿಯ ಕ್ಯಾನ್ವಾಸಿಗೆ ಯಾವ ಲೇಪವನ್ನೂ ಕೊಡದೆ ಅದನ್ನು ನೆಲಕ್ಕೆ ಹಾಸಿ, ಇದ್ದಿಲಿನಿಂದ ಕೆಲವು ಗೆರೆಗಳನ್ನೆಳೆದು, ಟರ್ಪೆಂಟೈನ್ ಬೆರೆಸಿ ನೀರಿನಂತೆ ತೆಳುವಾಗಿಸಿದ ತೈಲವರ್ಣವನ್ನು ಸುರಿದರು. ಬಣ್ಣ ಬಟ್ಟೆಯ ಮೇಲೆ ಕೂರದೆ ಒಳಗೆ ಇಂಗಿತು. ಹೀಗೆ ಮೂಡಿದ ‘ಮೌಂಟನ್ಸ್ ಅಂಡ್ ಸೀ’ ಚಿತ್ರದಲ್ಲಿ ಬರಿಯ ಬಟ್ಟೆಯಾಗಿಯೇ ಉಳಿದ ಭಾಗಗಳು ಬಹಳ ಇವೆ, ಮತ್ತು ಅವೂ ಚಿತ್ರವೇ. ಈ ವಿಧಾನವನ್ನು ಮನೆಯಲ್ಲಿ ಸಣ್ಣ ಅಳತೆಯಲ್ಲಿ ಮಾಡಿ ನೋಡಬಹುದು. ಬಣ್ಣ ಸುರಿಯುವುದು ಸುಲಭ, ಜಾಗ ಉಳಿಸುವುದು ಕಷ್ಟ.

ಮೊದಲ ಕೆಲಸ ಬಟ್ಟೆಯದು. ಅಂಗಡಿಯಲ್ಲಿ ಚೌಕಟ್ಟಿಗೆ ಬಿಗಿದು ಮಾರುವ ಬಿಳಿ ಕ್ಯಾನ್ವಾಸ್ ಇದಕ್ಕೆ ಬರುವುದಿಲ್ಲ, ಏಕೆಂದರೆ ಅದಕ್ಕೆ ಮೊದಲೇ ಬಳಿದಿರುವ ಪ್ರೈಮರ್ ಎಂಬ ಲೇಪವು ಬಣ್ಣವನ್ನು ಒಳಗೆ ಬಿಡುವುದಿಲ್ಲ. ಪ್ರೈಮ್ ಮಾಡದ ಹತ್ತಿ ಕ್ಯಾನ್ವಾಸ್ ಅಥವಾ ದಪ್ಪನೆಯ ಕೋರಾ ಬಟ್ಟೆ ಒಂದು ಮೀಟರ್ ಸಾಕು. ಕೋರಾ ಬಟ್ಟೆಗೆ ಗಿರಣಿಯಲ್ಲೇ ಗಂಜಿ ಹಾಕಿರುತ್ತಾರೆ. ಬಿಸಿನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡದಿದ್ದರೆ ಬಣ್ಣ ಒಂದು ಕಡೆ ಇಂಗಿ ಇನ್ನೊಂದು ಕಡೆ ಹನಿಯಾಗಿ ನಿಲ್ಲುತ್ತದೆ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಬಟ್ಟೆಯನ್ನು ಸುಕ್ಕಿಲ್ಲದಂತೆ ಹರಡಿ, ನಾಲ್ಕು ಮೂಲೆಗೂ ಭಾರ ಇಡಬೇಕು. ಹಳೆಯ ದಿನಪತ್ರಿಕೆಯನ್ನು ಹಾಸಬಾರದು, ಅಕ್ಷರದ ಮಸಿ ಬಟ್ಟೆಗೆ ಹತ್ತುತ್ತದೆ.

ಬಣ್ಣಕ್ಕೆ ಅಕ್ರಿಲಿಕ್ ಸಾಕು. ಫ್ರಾಂಕೆನ್‌ಥೇಲರ್ ಅವರ ಹಾಗೆ ತೈಲವರ್ಣವನ್ನೇ ಬಳಸುತ್ತೇನೆ ಎಂಬ ಹಟ ಬೇಡ. ಲೇಪವಿಲ್ಲದ ಹತ್ತಿಗೆ ಎಣ್ಣೆ ಇಳಿದರೆ ಬಣ್ಣದ ಸುತ್ತ ಜಿಡ್ಡಿನ ಅಂಚು ಹರಡುತ್ತದೆ, ವರ್ಷಗಳು ಕಳೆದಂತೆ ನೂಲೂ ಕೊಳೆಯುತ್ತದೆ. ಅವರೂ 1960ರ ದಶಕದಲ್ಲಿ ಅಕ್ರಿಲಿಕ್‌ಗೆ ಬದಲಾದರು. ಮೂರು ಬಣ್ಣಗಳನ್ನು ಆರಿಸಿ, ಒಂದೊಂದನ್ನೂ ಪ್ರತ್ಯೇಕ ಡಬ್ಬಿಯಲ್ಲಿ ತಿಳಿಮಜ್ಜಿಗೆಯ ಹದಕ್ಕೆ ನೀರು ಸೇರಿಸಿ ಕದಡಬೇಕು. ನೀರು ಅತಿಯಾದರೆ ಬಣ್ಣವನ್ನು ಹಿಡಿದಿಡುವ ಅಂಟು ಸಾಲದೆ ಹೋಗುತ್ತದೆ. ಇನ್ನೂ ತೆಳು ಬೇಕೆನಿಸಿದರೆ ಅಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣವಿಲ್ಲದ ಅದೇ ಅಂಟಿನ ದ್ರವ, ಬೆರೆಸುವುದು ಲೇಸು. ಬಟ್ಟೆಯ ತುಂಡೊಂದರ ಮೇಲೆ ಒಂದೊಂದು ಚಮಚ ಸುರಿದು ಒಣಗುವವರೆಗೂ ಕಾಯಿರಿ. ಒದ್ದೆಯಿದ್ದಾಗ ಕಡುವಾಗಿ ಕಂಡದ್ದು ಒಣಗಿದ ಮೇಲೆ ತಿಳಿಯಾಗುತ್ತದೆ, ಇದನ್ನು ಮೊದಲೇ ನೋಡಿಕೊಳ್ಳದವರು ಆಮೇಲೆ ಬಣ್ಣವನ್ನು ಬೈಯುತ್ತಾರೆ.

ಇನ್ನು ಡಬ್ಬಿಗಳನ್ನು ಬದಿಗಿಟ್ಟು ಜಾಗವನ್ನು ನಿರ್ಧರಿಸಬೇಕು. ಲೇಪವಿರುವ ಕ್ಯಾನ್ವಾಸಿನಲ್ಲಿ ತಪ್ಪಿದ ಕಡೆ ಬಿಳಿ ಬಳಿದು ಮುಚ್ಚಬಹುದು. ಇದೇ ಅಮೂರ್ತ ಅಭಿವ್ಯಕ್ತಿವಾದದ ಇನ್ನೊಬ್ಬ ಚಿತ್ರಕಾರ ಫ್ರಾಂಝ್ ಕ್ಲೈನ್ ಅವರ ಕಪ್ಪು-ಬಿಳುಪು ಚಿತ್ರಗಳಲ್ಲಿ ಬಿಳಿಯ ಭಾಗ ಹಾಗೇ ಬಿಟ್ಟ ಹಿನ್ನೆಲೆಯಲ್ಲ. ಅದನ್ನೂ ಕಪ್ಪಿನಷ್ಟೇ ಗಟ್ಟಿಯಾಗಿ ಬಳಿದಿದ್ದಾರೆ, ಎಷ್ಟೋ ಕಡೆ ಬಿಳಿಯು ಕಪ್ಪಿನ ಅಂಚನ್ನು ತಿಂದಿರುವುದು ಹತ್ತಿರದಿಂದ ಕಾಣುತ್ತದೆ. ಇಂಗಿಸುವ ವಿಧಾನದಲ್ಲಿ ಆ ಸೌಕರ್ಯವಿಲ್ಲ. ಬಣ್ಣ ಹೊಕ್ಕ ನೂಲು ಮತ್ತೆ ಬರಿಯ ನೂಲಾಗುವುದಿಲ್ಲ. ಮೇಲೆ ಬಿಳಿ ಹಚ್ಚಿದರೆ ಅದು ತೇಪೆಯಂತೆ ಎದ್ದು ಕಾಣುತ್ತದೆ. ಆದ್ದರಿಂದ ಉದ್ದನೆಯ ಹೊಲಿಗೆ ದಾರವೊಂದನ್ನು ಬಟ್ಟೆಯ ಮೇಲೆ ಸಡಿಲವಾಗಿ ಬಿಟ್ಟು, ಖಾಲಿ ಉಳಿಯಬೇಕಾದ ಭಾಗವನ್ನು ಸುತ್ತುವರಿಯಿರಿ. ಎದ್ದು ನಿಂತು ನೋಡಿ, ಸರಿಸಿ, ಮತ್ತೆ ನೋಡಿ. ಮನಸ್ಸಿಗೆ ಒಪ್ಪಿದ ಮೇಲೆ ದಾರ ತೆಗೆಯಿರಿ. ಆ ಜಾಗ ಕಣ್ಣಿನಲ್ಲಿ ಉಳಿದಿರುತ್ತದೆ.

ಎಷ್ಟು ಖಾಲಿ ಬಿಡಬಹುದು ಎಂಬುದಕ್ಕೆ ಮಾರಿಸ್ ಲೂಯಿಸ್ ಅವರನ್ನು ನೋಡಬೇಕು. 1953ರಲ್ಲಿ ಫ್ರಾಂಕೆನ್‌ಥೇಲರ್ ಅವರ ಸ್ಟುಡಿಯೊದಲ್ಲಿ ‘ಮೌಂಟನ್ಸ್ ಅಂಡ್ ಸೀ’ ಕಂಡು ಹೋದ ಈ ವಾಷಿಂಗ್ಟನ್‌ನ ಚಿತ್ರಕಾರರು 1960–61ರಲ್ಲಿ ‘ಅನ್‌ಫರ್ಲ್ಡ್’ ಸರಣಿಯನ್ನು ಮಾಡಿದರು. ಅದರಲ್ಲಿ ಬಣ್ಣದ ತೊರೆಗಳು ಎಡದಿಂದಲೂ ಬಲದಿಂದಲೂ ಓರೆಯಾಗಿ ಕೆಳಗಿಳಿಯುತ್ತವೆ, ನಡುವಿನ ಹರವು ಪೂರ್ತಿ ಬರಿಯ ಬಟ್ಟೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ‘ಆಲ್ಫಾ-ಪೈ’ ಸುಮಾರು 2.6 ಮೀಟರ್ ಎತ್ತರ, 4.5 ಮೀಟರ್ ಅಗಲವಿದೆ. ಅಷ್ಟು ಹರವು ಖಾಲಿಯಿದ್ದರೂ ಚಿತ್ರ ಸಡಿಲವಾಗದಿರುವುದಕ್ಕೆ ಕಾರಣ ಪಕ್ಕದ ಬಣ್ಣಗಳು. ಬಟ್ಟೆಯ ಬಣ್ಣ ಎಲ್ಲ ಕಡೆ ಒಂದೇ, ಆದರೆ ನೀಲಿಯ ಪಕ್ಕದಲ್ಲಿ ಅದು ಕೊಂಚ ಹಳದಿಯಾಗಿಯೂ ಕಿತ್ತಳೆಯ ಪಕ್ಕದಲ್ಲಿ ಕೊಂಚ ನೀಲಿ ಹಾಯ್ದಂತೆಯೂ ಕಾಣುತ್ತದೆ. ಖಾಲಿ ಜಾಗಕ್ಕೆ ಬಣ್ಣ ಕೊಡುವುದು ಅದರ ನೆರೆಯೇ. ಮೂರು ಬಣ್ಣಗಳನ್ನು ಆರಿಸುವಾಗಲೇ ಇದು ನೆನಪಿರಲಿ. ಒಂದಾದರೂ ತಂಪು, ಒಂದಾದರೂ ಬಿಸಿ ಬಣ್ಣವಿದ್ದರೆ ನಡುವಿನ ಬಟ್ಟೆ ಎರಡು ಕಡೆಗೂ ಮಿಸುಕುತ್ತದೆ.

ಈಗ ಸುರಿಯಬಹುದು. ಒಣಬಟ್ಟೆಯ ಮೇಲೆ ಅಂಚು ಚೂಪಾಗಿ ನಿಲ್ಲುತ್ತದೆ, ನೀರು ಚಿಮುಕಿಸಿದ ಬಟ್ಟೆಯಲ್ಲಿ ಮಸುಕಾಗಿ ಹರಡುತ್ತದೆ. ಸೌಟಿನಿಂದ ಸ್ವಲ್ಪವೇ ಸುರಿದು ಕೈ ತಡೆದು ಬಗ್ಗಿ ನೋಡಿದರೆ, ಬಣ್ಣ ಮೊದಲು ಕೊಳದಂತೆ ನಿಂತು, ಆಮೇಲೆ ಹಾಸು-ಹೊಕ್ಕು ನೂಲುಗಳನ್ನು ಹಿಡಿದು ಸಣ್ಣ ಸಣ್ಣ ಹಲ್ಲುಗಳಾಗಿ ಮುಂದೆ ಸರಿಯುವುದು ಕಾಣುತ್ತದೆ. ನೀವು ಸುರಿದ ಗೆರೆ ಅಂಚಲ್ಲ, ಬಣ್ಣ ನಿಂತ ಗೆರೆ ಅಂಚು. ಆದಕಾರಣ ಖಾಲಿ ಬಿಡಬೇಕಾದ ಭಾಗದಿಂದ ನಾಲ್ಕು ಬೆರಳು ಹಿಂದೆಯೇ ಸುರಿಯುವುದನ್ನು ನಿಲ್ಲಿಸಿ. ತೊರೆಯಂತೆ ಇಳಿಯಬೇಕಿದ್ದರೆ ಇಬ್ಬರು ಬಟ್ಟೆಯ ಒಂದು ಬದಿಯನ್ನು ನಿಧಾನವಾಗಿ ಎತ್ತಿ ಹಿಡಿಯಬೇಕು. ಫ್ಯಾನ್ ಹಾಕಬೇಡಿ.

ಮೂರೂ ಬಣ್ಣ ಇಳಿದ ಮೇಲೆ ಕೋಣೆಯಿಂದ ಹೊರಗೆ ಹೋಗುವುದು ಕೂಡ ಒಂದು ಹಂತ, ಮತ್ತು ನಾನು ತಪ್ಪಿದ್ದು ಅಲ್ಲಿಯೇ. ನನ್ನ ಮೊದಲ ಬಟ್ಟೆಯಲ್ಲಿ ನಡುಭಾಗ ‘ಬರಿದಾಗಿ’ ಕಂಡಿತೆಂದು ಡಬ್ಬಿಯ ತಳದಲ್ಲಿದ್ದ ಕಾವಿಯನ್ನು ಅಲ್ಲಿಗೆ ಸುರಿದೆ. ಬೆಳಿಗ್ಗೆ ನೋಡಿದರೆ ಎಡಬಲದ ಬಣ್ಣಗಳು ಎರಡೂ ಸತ್ತಿದ್ದವು. ಅವು ನಿಂತಿದ್ದದ್ದೇ ಆ ಖಾಲಿಯನ್ನು ನೆಚ್ಚಿ. ಒದ್ದೆ ಬಣ್ಣದ ಮಿರುಗಿನ ಎದುರು ಬರಿಯ ಬಟ್ಟೆ ಬಡವಾಗಿಯೇ ಕಾಣುತ್ತದೆ. ಬಣ್ಣ ಒಣಗಿ ಮಿರುಗು ಇಳಿದಾಗ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ, ತೀರ್ಮಾನ ಆಗ ಮಾಡಬೇಕು.

ಕೊನೆಗೆ ಉಳಿಯುವುದು ಅಂಚು ಗೊತ್ತುಮಾಡುವ ಕೆಲಸ. ಚೌಕಟ್ಟಿಗೆ ಬಿಗಿದು ಆಮೇಲೆ ಬಣ್ಣ ಹಾಕುವ ಕ್ರಮ ಇಲ್ಲಿ ತಿರುಗುಮುರುಗಾಗುತ್ತದೆ. ಉದ್ದನೆಯ ನಾಲ್ಕು ರಟ್ಟಿನ ಪಟ್ಟಿಗಳನ್ನು ಒಣಗಿದ ಬಟ್ಟೆಯ ಮೇಲಿಟ್ಟು ಒಳಗೆ, ಹೊರಗೆ ಸರಿಸುತ್ತಾ ಹೋದರೆ ಒಂದೇ ಬಟ್ಟೆಯಲ್ಲಿ ಹಲವು ಚಿತ್ರಗಳು ಕಾಣುತ್ತವೆ. ಒಂದು ಅಂಗುಲ ಬಟ್ಟೆ ಹೆಚ್ಚು ಬಿಟ್ಟರೂ ಬಣ್ಣ ತೇಲತೊಡಗುತ್ತದೆ, ಕಡಿಮೆ ಮಾಡಿದರೆ ಅಂಚಿಗೆ ಅಂಟಿಕೊಳ್ಳುತ್ತದೆ. ಯಾವ ಕಡೆ ಮೇಲೆ ಎಂಬುದನ್ನೂ ಈಗಲೇ ಗೊತ್ತುಮಾಡಬೇಕು. 1962ರಲ್ಲಿ ಲೂಯಿಸ್ ತೀರಿಕೊಂಡಾಗ ಅವರ ಬಹಳಷ್ಟು ಚಿತ್ರಗಳು ಸುರುಳಿ ಸುತ್ತಿಟ್ಟಂತೆಯೇ ಇದ್ದು, ಈ ಪ್ರಶ್ನೆಗಳನ್ನು ಬೇರೆಯವರು ಬಿಡಿಸಬೇಕಾಯಿತು. ಬಟ್ಟೆಯನ್ನು ಗೋಡೆಗೆ ಗುಂಡುಪಿನ್ನಿನಿಂದ ಸಿಕ್ಕಿಸಿ, ದಿನಕ್ಕೊಂದು ಬದಿಯಂತೆ ತಿರುಗಿಸಿ ನಾಲ್ಕು ದಿನ ನೋಡಿ, ಐದನೆಯ ದಿನ ಚೌಕಟ್ಟಿಗೆ ಬಿಗಿಯಿರಿ. ವಾರ್ನಿಷ್ ಬೇಡ, ಅದು ಬರಿಯ ಬಟ್ಟೆಯನ್ನೂ ಕಪ್ಪಾಗಿಸುತ್ತದೆ. ಬಿಸಿಲು ಬೀಳುವ ಗೋಡೆಯೂ ಬೇಡ.