ಶುಗರ್ ಇದ್ದವರು ತುಮಕೂರಿನಲ್ಲಿ ಮೊದಲ ಸಲ ಡಾಕ್ಟರ ಬಳಿ ಹೋಗುವ ಮುಂಚೆ

ವಸಂತನರಸಾಪುರದ ಫ್ಯಾಕ್ಟರಿ ಕೆಲಸಕ್ಕೆ, ಮಕ್ಕಳ ಓದಿಗೆ, ವರ್ಗಾವಣೆಗೆ ಅಂತ ತುಮಕೂರಿಗೆ ಬರುವವರು ಗ್ಯಾಸ್ ಪುಸ್ತಕ, ರೇಷನ್ ಕಾರ್ಡ್, ಮಕ್ಕಳ ಟಿಸಿ ಎಲ್ಲ ಜೋಪಾನವಾಗಿ ತರುತ್ತಾರೆ. ಅಪ್ಪನ ಶುಗರ್ ಚೀಟಿ ಮಾತ್ರ ಊರಿನ ಬೀರುವಿನಲ್ಲೇ ಉಳಿದಿರುತ್ತದೆ. ಅಲ್ಲಿನ ಡಾಕ್ಟರಿಗೆ ನಿಮ್ಮ ಮುಖ ಪರಿಚಯ ಇತ್ತು, ನಡೆಯಿತು. ಇಲ್ಲಿ ನೀವು ಹೊಸಬರು, ಬಾಗಿಲ ಹೊರಗೆ ಸಾಲು ಉದ್ದ. ಸಿಗುವ ನಾಲ್ಕೈದು ನಿಮಿಷದಲ್ಲಿ ನಿಮ್ಮ ನಿಜವಾದ ಸ್ಥಿತಿ ಅವರಿಗೆ ಗೊತ್ತಾಗಬೇಕು. ತಯಾರಿ ಬೇಕಾಗುವುದು ಅದಕ್ಕೇ.

ಎಲ್ಲಿಗೆ ಹೋಗುವುದು ಎಂಬುದು ಮೊದಲ ಪ್ರಶ್ನೆ. ಜಿಲ್ಲಾಸ್ಪತ್ರೆಯಲ್ಲಿ ಶುಗರ್, ಬಿಪಿಗೆಂದೇ ಎನ್‌ಸಿಡಿ ಕ್ಲಿನಿಕ್ ಇದೆ. ಹಳ್ಳಿ ಕಡೆ ಮನೆ ಮಾಡಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಶುಗರ್ ನೋಡುತ್ತಾರೆ, ಸಾಮಾನ್ಯವಾಗಿ ಬರೆಯುವ ಮಾತ್ರೆಗಳನ್ನು ಕೊಡುತ್ತಾರೆ. ಫ್ಯಾಕ್ಟರಿ ಕೆಲಸದವರು ಸಂಬಳದ ಚೀಟಿ ಒಮ್ಮೆ ನೋಡಿಕೊಳ್ಳಿ. ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆಗೆ) ಶೇ. 0.75 ಕಡಿತ ಆಗುತ್ತಿದ್ದರೆ ನಿಮಗಷ್ಟೇ ಅಲ್ಲ, ಹೆಂಡತಿ ಮಕ್ಕಳಿಗೆ, ನಿಮ್ಮನ್ನೇ ನೆಚ್ಚಿಕೊಂಡಿರುವ ಅಪ್ಪ ಅಮ್ಮನಿಗೂ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ. ಅವರ ಹೆಸರು ಸೇರಿಸಿದ್ದೀರಾ ಅಂತ ಎಚ್‌ಆರ್‌ನಲ್ಲಿ ಕೇಳಿ. ದುಡ್ಡು ಕಟ್ಟುತ್ತಾ ಇದ್ದು ಬಳಸದೇ ಇರುವವರೇ ಜಾಸ್ತಿ. ಯಾವ ಆಸ್ಪತ್ರೆ ಆದರೂ ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ.

ಈಗ ಮಾತ್ರೆ ವಿಷಯ. ಎಲ್ಲರೂ ಎಡವುವುದು ಇಲ್ಲೇ. "ಬಿಳಿ ಮಾತ್ರೆ ಒಂದು, ಹಳದಿ ಮಾತ್ರೆ ಅರ್ಧ" ಅಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಮನೆಯಲ್ಲಿರುವ ಮಾತ್ರೆ ಶೀಟುಗಳನ್ನೆಲ್ಲ, ಖಾಲಿ ಆದದ್ದನ್ನೂ ಸೇರಿಸಿ, ಒಂದು ಕವರಿಗೆ ಹಾಕಿಕೊಂಡು ಹೋಗಿ. ಬಿಪಿ ಮಾತ್ರೆ, ಮಂಡಿನೋವಿನ ಮಾತ್ರೆ, ಯಾರೋ ಹೇಳಿದರು ಅಂತ ಕುಡಿಯುತ್ತಿರುವ ಕಷಾಯದ ಪುಡಿ, ಎಲ್ಲವೂ. ಕೆಲವು ನೋವಿನ ಮಾತ್ರೆಗಳು ಕಿಡ್ನಿಗೆ ಭಾರ. ಶುಗರ್ ಇದ್ದವರಿಗೆ ಆ ಚಿಂತೆ ಮೊದಲೇ ಇರುತ್ತದೆ.

ಒಂದೇ ಔಷಧಿ ಹತ್ತು ಕಂಪನಿಯಿಂದ ಹತ್ತು ಹೆಸರಲ್ಲಿ ಬರುತ್ತದೆ. ಊರಲ್ಲಿ ಒಂದು ಹೆಸರಿನ ಮೆಟ್‌ಫಾರ್ಮಿನ್, ಇಲ್ಲಿ ಇನ್ನೊಂದು ಹೆಸರಿನದು. ಹೊಸ ಚೀಟಿ ಬಂತೆಂದು ಹೊಸದನ್ನೂ, ಹಳೆಯದು ಉಳಿದಿದೆ ಅಂತ ಅದನ್ನೂ ನುಂಗುವವರಿದ್ದಾರೆ. ಗ್ಲಿಮಿಪಿರೈಡ್ ಥರದ ಮಾತ್ರೆ ಹೀಗೆ ಎರಡೆರಡು ಆದರೆ ಶುಗರ್ ಸರ್ರನೆ ಇಳಿದು ತಲೆ ಸುತ್ತಿ ಬೀಳಬಹುದು. ಆದ್ದರಿಂದ ಹೊರಡುವ ಮುಂಚೆ "ಹಳೆಯದರಲ್ಲಿ ಯಾವುದು ನಿಲ್ಲಿಸಲಿ ಸಾರ್?" ಅಂತ ಬಾಯಿಬಿಟ್ಟು ಕೇಳಿ. ಮೆಡಿಕಲ್ ಶಾಪಿನವರಿಗೆ ಹೇಳಿ ಶೀಟಿನ ಮೇಲೆ ಕನ್ನಡದಲ್ಲೇ "ತಿಂಡಿಗೆ ಮುಂಚೆ", "ಊಟ ಆದ ಮೇಲೆ" ಅಂತ ಬರೆಸಿಕೊಳ್ಳಿ. ಜನೌಷಧಿ ಅಂಗಡಿಯಲ್ಲಿ ಇದೇ ಔಷಧಿಗಳು ತುಂಬಾ ಅಗ್ಗ. ಆದರೆ ಪಾಕೆಟ್ ನೋಡಲು ಬೇರೆ ಥರ ಇರುತ್ತದೆ, ಹೆಸರು ಹೊಂದಿಸಿ ನೋಡಿ.

ರಕ್ತ ಪರೀಕ್ಷೆ ಇದ್ದರೆ ರಾತ್ರಿ ಊಟದ ನಂತರ ಎಂಟು ಗಂಟೆಯಾದರೂ ಏನೂ ತಿನ್ನದೆ ಇರಬೇಕು. ನೀರು ಕುಡಿಯಬಹುದು, ಕಾಫಿ ಟೀ ಬೇಡ. ಬೆಳಗಿನ ಶುಗರ್ ಮಾತ್ರೆ, ಇನ್ಸುಲಿನ್ ಮನೆಯಲ್ಲೇ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಬಸ್ ಹತ್ತಬೇಡಿ. ಜೊತೆಯಲ್ಲಿ ತನ್ನಿ, ರಕ್ತ ಕೊಟ್ಟ ಮೇಲೆ ತಿಂಡಿಯ ಹೊತ್ತಿಗೆ ತೆಗೆದುಕೊಳ್ಳಿ. ಊಟದ ನಂತರದ ಪರೀಕ್ಷೆಗೆ ಎರಡು ಗಂಟೆ ಲೆಕ್ಕ ಶುರುವಾಗುವುದು ಮೊದಲ ತುತ್ತಿನಿಂದ, ಕೈ ತೊಳೆದಾಗಿನಿಂದ ಅಲ್ಲ. ಆ ದಿನ ಮಾತ್ರ ಅರ್ಧ ತಟ್ಟೆ ಇಡ್ಲಿ ತಿಂದು ಏಳುವುದು ಬೇಡ. ದಿನಾ ಎರಡು ತಿನ್ನುವವರು ಎರಡೇ ತಿನ್ನಿ.

ಪರೀಕ್ಷೆಗೆ ಮುಂಚೆ ಮೂರು ದಿನ ಪಥ್ಯ ಮಾಡಿ ಡಾಕ್ಟರ ಹತ್ತಿರ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ ಎಲ್ಲರಿಗೂ. ಎಚ್‌ಬಿಎ1ಸಿ ಪರೀಕ್ಷೆ ಅದನ್ನೆಲ್ಲ ಕೆಡಿಸುತ್ತದೆ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಅದಕ್ಕೆ ಖಾಲಿ ಹೊಟ್ಟೆಯೂ ಬೇಡ. ಬಹಳಷ್ಟು ಜನರಿಗೆ 7ರ ಆಸುಪಾಸು ಇರಲಿ ಅನ್ನುತ್ತಾರೆ. ವಯಸ್ಸಾದವರಿಗೆ ಸ್ವಲ್ಪ ಸಡಿಲ ಬಿಡುವುದೂ ಉಂಟು. ನಿಮಗೆ ಎಷ್ಟಿರಬೇಕು ಅಂತ ಕೇಳಿಕೊಳ್ಳಿ.

ಊಟದ ಮಾತು ಬಂದಾಗ ಇದ್ದದ್ದು ಇದ್ದ ಹಾಗೆ ಹೇಳಿ. ಕಲಬುರಗಿ, ರಾಯಚೂರು ಕಡೆಯಿಂದ ಬಂದು ಜೋಳದ ರೊಟ್ಟಿ ಬಿಟ್ಟು ಮುದ್ದೆಗೆ ಇಳಿದಿದ್ದರೆ ಅದನ್ನೂ ಹೇಳಬೇಕು. ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಎಂಬ ನಂಬಿಕೆ ಈ ಕಡೆ ಗಟ್ಟಿ. ರಾಗಿಯಲ್ಲೂ ಪಿಷ್ಟ ಇದೆ, ಮುದ್ದೆ ದೊಡ್ಡದಾದರೆ ಶುಗರ್ ಏರುತ್ತದೆ. ಮುದ್ದೆ ಸಣ್ಣದಾಗಲಿ, ಬಸ್ಸಾರಿನ ಸೊಪ್ಪು ಕಾಳು ಜಾಸ್ತಿ ಆಗಲಿ. ನೈಟ್ ಶಿಫ್ಟ್ ಇದ್ದರೆ ಶಿಫ್ಟ್ ಚಾರ್ಟನ್ನೇ ಫೋನಿನಲ್ಲಿ ತೋರಿಸಿ. ಬೆಳಗ್ಗೆ ಆರಕ್ಕೆ ಮಲಗುವವರಿಗೆ "ತಿಂಡಿಗೆ ಮುಂಚೆ" ಅಂದರೆ ಯಾವ ಹೊತ್ತು? ಮಾತ್ರೆ, ಇನ್ಸುಲಿನ್ ಹೊತ್ತು ಬದಲಿಸುವುದು ಡಾಕ್ಟರ ಕೆಲಸ, ಹೇಳುವುದು ನಿಮ್ಮದು.

ಬೆವರು, ಕೈ ನಡುಕ, ತಟ್ಟನೆ ಹಸಿವು ಎಂದಾದರೂ ಆಗಿದ್ದರೆ ದಿನ, ಹೊತ್ತು ಬರೆದಿಟ್ಟುಕೊಂಡು ಹೋಗಿ. ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಇನ್ನೂ ಕೆಳಗೇ ಇದ್ದರೆ ಮತ್ತೆ ಅಷ್ಟೇ ಕುಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಸುಲಭವಾಗಿ ತೆಗೆದು ಹಾಕುವ ಚಪ್ಪಲಿ ಹಾಕಿಕೊಂಡು ಹೋಗಿ. ಪಾದ ತೋರಿಸಬೇಕು, ಅವರು ಕೇಳದಿದ್ದರೂ ನೀವೇ ತೋರಿಸಿ. ಶುಗರ್ ಹಳೆಯದಾದರೆ ಪಾದಕ್ಕೆ ಸ್ಪರ್ಶ ಕಡಿಮೆ ಆಗಿ, ಚಪ್ಪಲಿ ಕಚ್ಚಿದ್ದು, ಮುಳ್ಳು ಚುಚ್ಚಿದ್ದು ತಿಳಿಯುವುದೇ ಇಲ್ಲ. ಕಣ್ಣಿನ ಪರದೆ, ಮೂತ್ರದಲ್ಲಿ ಪ್ರೋಟೀನ್, ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಬೇಕು. ಕಣ್ಣಿಗೆ ಹನಿ ಹಾಕಿದ ದಿನ ಕೆಲವು ಗಂಟೆ ಎಲ್ಲ ಮಂಜು ಮಂಜು, ಬೈಕ್ ಓಡಿಸಲು ಬೇರೆಯವರು ಜೊತೆಗಿರಲಿ.

ಬರುವಾಗ ಮುಂದಿನ ತಾರೀಕು ಬರೆಸಿಕೊಳ್ಳಿ, ಚೀಟಿಯ ಫೋಟೋ ಮನೆಯ ಇಬ್ಬರ ಫೋನಿನಲ್ಲಿರಲಿ. ಹಬ್ಬಕ್ಕೆ ಊರಿಗೆ ಹೋಗುವಾಗ ಒಂದು ವಾರದ ಮಾತ್ರೆ ಜಾಸ್ತಿಯೇ ಇರಲಿ. ಇನ್ಸುಲಿನ್ ಬಸ್ಸಿನ ಡಿಕ್ಕಿಗೆ ಹಾಕುವ ಬ್ಯಾಗಿನಲ್ಲಿ ಬೇಡ, ಬಿಸಿಲಿಗೆ ಕೆಡುತ್ತದೆ. ಕೈಚೀಲದಲ್ಲೇ ಇಟ್ಟುಕೊಳ್ಳಿ, ಐಸಿಗೆ ನೇರವಾಗಿ ತಾಗದಂತೆ.