ಟ್ಯಾಲಿ, ಡ್ರಾಯಿಂಗ್, ಸಿಜಿನ್ಯಾಟ್: ವಿಪಿಎನ್ ಬಿಟ್ಟು ಝೀರೋ ಟ್ರಸ್ಟ್‌ಗೆ ಬಂದ ನನ್ನ ಅನುಭವ

ಪೀಣ್ಯದ ನಮ್ಮ ಬಿಡಿಭಾಗಗಳ ಕಂಪನಿಯಲ್ಲಿ ಈಗ ಹೊರಗಿನಿಂದ ಕಾಣುವ ಆರ್‌ಡಿಪಿ (ದೂರದಿಂದ ಕಂಪ್ಯೂಟರ್ ಪರದೆ ತೆರೆಯುವ ವಿಂಡೋಸ್ ಸೌಲಭ್ಯ) ಪೋರ್ಟ್ ಒಂದೂ ಇಲ್ಲ. ಹೊರಗಿರುವವರನ್ನು ಆಫೀಸ್ ನೆಟ್‌ವರ್ಕ್‌ಗೇ ಸೇರಿಸುವ ವಿಪಿಎನ್‌ನ ಲೈಸೆನ್ಸ್ ರಿನ್ಯೂ ಮಾಡಿಲ್ಲ. ಅದರ ಬದಲು ಝೀರೋ ಟ್ರಸ್ಟ್ ಬಂದಿದೆ: ಯಾರು ಎಂದು ಖಚಿತಪಡಿಸಿಕೊಂಡು, ಅವರಿಗೆ ಬೇಕಾದಷ್ಟನ್ನೇ ತೆರೆಯುವ ಪದ್ಧತಿ. ಮಾರ್ಚ್ ಕ್ಲೋಸಿಂಗ್ ಕೂಡ ಇದರ ಮೇಲೆಯೇ ಮುಗಿಯಿತು. "ಇದೆಲ್ಲ ಸಾಫ್ಟ್‌ವೇರ್ ಕಂಪನಿಗಳಿಗೆ ಸರ್, ಲೇಥ್ ಓಡಿಸೋರಿಗೆ ಯಾಕೆ?" ಎಂದಿದ್ದ ಫೈರ್‌ವಾಲ್ ಮಾರಾಟದವರಿಗೂ, "ಟ್ಯಾಲಿ ಇದರಲ್ಲಿ ಓಡಲ್ಲ" ಎಂದು ಪಂಥ ಕಟ್ಟಿದ್ದ ಗೆಳೆಯರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಸುಮಾರು 70 ಜನ. ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ಇನ್ನೊಂದು ಘಟಕ ಇದೆ. ನಾನು ಸೇರುವ ಮುಂಚೆ ಯಾರೋ ಆರ್‌ಡಿಪಿಯ ಪೋರ್ಟ್ 3389 ಅನ್ನು ಇಂಟರ್ನೆಟ್‌ಗೆ ನೇರ ಫಾರ್ವರ್ಡ್ ಮಾಡಿಟ್ಟಿದ್ದರು. ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದರೆ 4625, ಅಂದರೆ ವಿಫಲ ಲಾಗಿನ್, ಸಾಲು ಸಾಲಾಗಿ, ರಾತ್ರಿಯಿಡೀ. ಅದನ್ನು ಯಜಮಾನರಿಗೆ ಸ್ಕ್ರೀನ್ ಮೇಲೆ ತೋರಿಸಿದ ಮೇಲೆಯೇ ದುಡ್ಡಿನ ಮಾತು ಶುರುವಾಗಿದ್ದು. ಹೊಸ ವಿಪಿಎನ್ ಬಾಕ್ಸ್‌ಗೆ ಮೂರು ವರ್ಷಕ್ಕೆ ಎರಡು ಲಕ್ಷದ ಹತ್ತಿರ ಕೋಟ್ ಬಂದಿತ್ತು.

ಸೌಲಭ್ಯಗಳ ಪಟ್ಟಿ ಹಿಡಿದು ಹೋಲಿಸಿದರೆ ಏನೂ ಗೊತ್ತಾಗಲ್ಲ. ಎಲ್ಲರ ಪಟ್ಟಿಯಲ್ಲೂ ಎಲ್ಲ ಟಿಕ್ ಇರುತ್ತದೆ. ನಾನು ನೋಡಿದ್ದು ನಾಲ್ಕೇ: ಟ್ಯಾಲಿ, ಕ್ಯಾಡ್ ಡ್ರಾಯಿಂಗ್, ಮನೆಯ ಇಂಟರ್ನೆಟ್‌ನ ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಹೊರ ಐಪಿ ಇರುವುದರಿಂದ ಹೊರಗಿನಿಂದ ಒಳಗೆ ಬರಲಾಗದ ವ್ಯವಸ್ಥೆ), ಡಾಲರ್ ಬಿಲ್ಲು.

ಮೊದಲ ಪೆಟ್ಟು ಟ್ಯಾಲಿಯಿಂದಲೇ. ಈ ಲೆಕ್ಕದ ಸಾಫ್ಟ್‌ವೇರಿನ ಡೇಟಾ ಫೋಲ್ಡರ್ ಅನ್ನು ಎಸ್‌ಎಂಬಿ (ವಿಂಡೋಸ್ ಫೈಲ್ ಹಂಚಿಕೆ) ಮೇಲೆ ದೂರದಿಂದ ತೆರೆದರೆ ಯಾವ ಸೇವೆ ಹಾಕಿದರೂ ತೆವಳುತ್ತದೆ. ಒಂದೊಂದು ಓದಿಗೂ ಪ್ಯಾಕೆಟ್ ಹೋಗಿ ಬರಬೇಕಲ್ಲ, 30 ಮಿಲಿಸೆಕೆಂಡ್ ವಿಳಂಬವೂ ಜಾಸ್ತಿಯೇ. ಡೇ ಬುಕ್ ತೆರೆಯುವಷ್ಟರಲ್ಲಿ ಅಕೌಂಟ್ಸ್ ಮೇಡಂ ಕಾಫಿ ಕುಡಿದು ಬರುತ್ತಿದ್ದರು. ಮೂರು ಸೇವೆ ಬದಲಿಸಿದರೂ ಅದೇ ಕಥೆ. ಕೊನೆಗೆ ಆಫೀಸಿನಲ್ಲೇ ಒಂದು ಸರ್ವರ್ ಇಟ್ಟು, ಟ್ಯಾಲಿಯನ್ನು ಅದರಲ್ಲೇ ಓಡಿಸಿ, ಹೊರಗಿನಿಂದ ಕೆಲಸ ಮಾಡುವವರಿಗೆ ಝೀರೋ ಟ್ರಸ್ಟ್ ಮೂಲಕ ಆ ಸರ್ವರ್‌ನ ಆರ್‌ಡಿಪಿ ಮಾತ್ರ ಕೊಟ್ಟೆ. ಡೇಟಾ ಅಲ್ಲೇ ಇರುತ್ತದೆ, ಪರದೆ ಮಾತ್ರ ಓಡಾಡುತ್ತದೆ. ಪಂಥ ಗೆದ್ದಿದ್ದು ಹೀಗೆ. ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ಖರ್ಚು ಬೇರೆ, ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಝೀರೋ ಟ್ರಸ್ಟ್ ಸೇವೆಗಳಲ್ಲಿ ಸೆಟಪ್ ಅತಿ ಸಲೀಸು ಅನ್ನಿಸಿದ್ದು ಟ್ವಿಂಗೇಟ್. ಆದರೆ ಉಚಿತ ಐದು ಜನಕ್ಕೆ ಮಾತ್ರ, ನಮಗೆ ನಲವತ್ತರ ಮೇಲೆ ಬೇಕು. ಝಡ್‌ಸ್ಕೇಲರ್ ಥರದ ದೊಡ್ಡ ಸೇವೆಗಳಲ್ಲಿ ಕೋಟ್ ಕೇಳಬೇಕು. ಹಾಗೆ ಕೇಳಿದ ಒಂದು ಕಡೆ, ಹೆಸರು ಬೇಡ, ನಮ್ಮ ಸಂಖ್ಯೆ ಕೇಳಿದ ಮೇಲೆ ಫೋನೇ ಎತ್ತಲಿಲ್ಲ. ಕ್ಲೌಡ್‌ಫ್ಲೇರ್ 50 ಜನದವರೆಗೆ ಉಚಿತ, ದಾಟಿದರೆ ತಲೆಗೆ ತಿಂಗಳಿಗೆ 7 ಡಾಲರ್. 70 ಜನಕ್ಕೂ ಹಾಕಿದ್ದರೆ ತಿಂಗಳಿಗೆ ನಲವತ್ತು ಸಾವಿರ ದಾಟುತ್ತಿತ್ತು. ಮೇಲೆ ರಿವರ್ಸ್ ಚಾರ್ಜ್‌ನಲ್ಲಿ (ಮಾರುವವರ ಬದಲು ಕೊಳ್ಳುವ ನಾವೇ ಕಟ್ಟುವ) 18% ಜಿಎಸ್‌ಟಿ. ಅದು ಇನ್‌ಪುಟ್ ಆಗಿ ವಾಪಸ್ ಬರುತ್ತದೆ ಅನ್ನಿ, ಆದರೆ ಮೊದಲು ಕಟ್ಟಬೇಕಲ್ವಾ. ಕಾರ್ಡ್‌ನಲ್ಲಿ 15,000 ದಾಟಿದರೆ ಆಟೋ ಡೆಬಿಟ್‌ಗೆ ಪ್ರತಿ ಸಲ ಒಟಿಪಿ ಬೇಕು. ಒಟಿಪಿ ಯಜಮಾನರ ಫೋನಿಗೆ, ಯಜಮಾನರು ಕೊಯಮತ್ತೂರಿನಲ್ಲಿ!

ಹಾಗಾಗಿ ಯಾರಿಗೆ ನಿಜವಾಗಿ ಬೇಕು ಎಂದು ಒಬ್ಬೊಬ್ಬರನ್ನೇ ಕೇಳಿದೆ. ಶಾಪ್ ಫ್ಲೋರ್‌ನವರಿಗೆ ಬೇಡವೇ ಬೇಡ. ಟ್ಯಾಲಿ, ಇಆರ್‌ಪಿ (ಆರ್ಡರ್, ದಾಸ್ತಾನು ನೋಡುವ ಸಾಫ್ಟ್‌ವೇರ್) ಬಳಸಲು ಮೂವತ್ತು ಚಿಲ್ಲರೆ ಜನ. ಅವರೆಲ್ಲ ಕ್ಲೌಡ್‌ಫ್ಲೇರ್ ಉಚಿತದಲ್ಲಿ ಕೂತರು. ಅದರ ಟನಲ್ (ಆಫೀಸಿನಿಂದ ಕ್ಲೌಡ್‌ಫ್ಲೇರ್‌ಗೆ ಹೋಗುವ ಸುರಕ್ಷಿತ ಸಂಪರ್ಕ) ಒಳಗಿನಿಂದ ಹೊರಗೆ ಹೋಗುವುದರಿಂದ ಸಿಜಿನ್ಯಾಟ್ ತಲೆನೋವಿಲ್ಲ. ಒಂದು ವಿಷಯ ನೆನಪಿಡಿ: ಟನಲ್‌ಗೆ ಹೊರಹೋಗುವ ಪೋರ್ಟ್ 7844 ಬೇಕು. ಫೈರ್‌ವಾಲ್ ಯುಡಿಪಿ ಪ್ಯಾಕೆಟ್ ಬಿಡದಿದ್ದರೆ ಎಚ್‌ಟಿಟಿಪಿ2ಗೆ ಇಳಿಯುತ್ತದೆ, ಅದೂ 7844ರಲ್ಲೇ. ಮಾಮೂಲಿ ವೆಬ್ ಪೋರ್ಟ್ 443 ಇದೆಯಲ್ಲ ಸಾಕು ಅಂತ ಕೂತರೆ ಕೂತೇ ಇರುತ್ತೀರಿ.

ಡ್ರಾಯಿಂಗ್ ಬೇರೆ ಜಾತಿ. 80-100 ಎಂಬಿ ಫೈಲು, ದಿನವಿಡೀ ಓಡಾಟ. ಹನ್ನೆರಡು ಡಿಸೈನ್ ಹುಡುಗರಿಗೆ ಟೇಲ್‌ಸ್ಕೇಲ್ ಕೊಟ್ಟೆ, ಯಂತ್ರದಿಂದ ಯಂತ್ರಕ್ಕೆ ನೇರ ಜೋಡಿಸುವ ಸೇವೆ ಅದು. ವೈರ್‌ಗಾರ್ಡ್ ಎಂಬ ಗೂಢಲಿಪಿ ಸಂಪರ್ಕದ ಮೇಲೆ ನೇರ ಸಂಪರ್ಕ ಸಿಕ್ಕರೆ ಅದರ ಮುಂದೆ ಉಳಿದವು ನಿಲ್ಲುವುದಿಲ್ಲ. ನೇರ ಸಿಗದೆ ರಿಲೇಗೆ (ನಡುವಿನ ಸರ್ವರ್‌ಗೆ) ಬಿದ್ದರೆ ಮಾತ್ರ ಡ್ರಾಯಿಂಗ್ ತೆರೆಯಲು ಯುಗ ಬೇಕು. ಪೀಣ್ಯದ ಲೀಸ್ಡ್ ಲೈನ್‌ನಲ್ಲಿ ಯುಡಿಪಿ 41641 ಬಿಟ್ಟ ಮೇಲೆ ಹೆಚ್ಚುಕಡಿಮೆ ಎಲ್ಲರೂ ನೇರವಾದರು. ನಾವು ತೆಗೆದುಕೊಂಡಾಗ ತಲೆಗೆ ಆರೇಳು ಡಾಲರ್, ಒಟ್ಟು ತಿಂಗಳಿಗೆ ಆರೇಳು ಸಾವಿರ ರೂಪಾಯಿ. ಮೂರು ವರ್ಷಕ್ಕೆ ಲೆಕ್ಕ ಹಾಕಿದರೆ ಬಾಕ್ಸ್‌ಗಿಂತ ಸ್ವಲ್ಪ ಜಾಸ್ತಿಯೇ ಆಗಬಹುದು. ಆದರೆ ಬಾಕ್ಸ್ ಜೊತೆ ಬರುವ ತಡರಾತ್ರಿಯ ಪ್ಯಾಚ್ ಕೆಲಸ ನನ್ನದು, ಅದಕ್ಕೆ ಯಾರೂ ಕೋಟ್ ಕೊಡಲ್ಲ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಕ್ಲೌಡ್‌ಫ್ಲೇರ್, ಟೇಲ್‌ಸ್ಕೇಲ್ ಎರಡರ ಕ್ಲೈಂಟ್ ಸಾಫ್ಟ್‌ವೇರೂ ಜಗಳವಿಲ್ಲದೆ ಓಡುವಂತೆ ಮಾಡಿದ್ದೇನೆ. ಹೇಗೆ ಎನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಟೇಲ್‌ಸ್ಕೇಲ್ ಬಳಸುವ 100.64ರ ಐಪಿ ವಿಳಾಸಗಳ ಕಡೆ ನೋಡಿ, ಅಷ್ಟು ಸಾಕು.

ಹುಬ್ಬಳ್ಳಿಯ ಪಜೀತಿ ಬೇರೆ. ಎರಡೂ ಘಟಕಗಳಲ್ಲಿ ಒಂದೇ ಐಪಿ ಸಾಲು, 192.168.1. ಐಪಿ ಬದಲಿಸಿ ಎಂದು ಸಲಹೆ ಕೊಟ್ಟವರು ಬಹಳ. ಸಿಎನ್‌ಸಿ ಕಂಟ್ರೋಲರ್‌ಗಳಲ್ಲಿ ಕೈಯಿಂದ ಹಾಕಿದ ಐಪಿಯನ್ನು, ಮಷಿನ್ ಓಡುತ್ತಿರುವಾಗ ಮುಟ್ಟುವ ಧೈರ್ಯ ನನಗಿಲ್ಲ. ಟೇಲ್‌ಸ್ಕೇಲ್‌ನ 4ವಯಾ6 (ಒಂದೇ ಐಪಿ ಸಾಲಿನ ನೆಟ್‌ವರ್ಕ್‌ಗಳಿಗೆ ಬೇರೆ ಬೇರೆ ಐಪಿವಿ6 ವಿಳಾಸ ಕೊಡುವ ಸೌಲಭ್ಯ) ಇದಕ್ಕೇ ಇರುವುದು. ಹಳೆಯ ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಒಂದನ್ನು ಸಬ್‌ನೆಟ್ ರೌಟರ್ (ಒಳ ನೆಟ್‌ವರ್ಕ್‌ಗೆ ದಾರಿ ಮಾಡುವ ಯಂತ್ರ) ಮಾಡಿ, ಕ್ಲೈಂಟ್ ಹಾಕಲಾಗದ ಹಾಜರಿ ಮಷಿನ್‌ಗಳನ್ನೂ ಅದರ ಹಿಂದೆ ತಂದೆ.

ನಡುವೆ ಸುಮ್ನೆ ಹೆಡ್‌ಸ್ಕೇಲ್ (ಟೇಲ್‌ಸ್ಕೇಲ್‌ನ ನಿಯಂತ್ರಣ ಸರ್ವರ್ ಬದಲು ನಾವೇ ನಡೆಸಬಹುದಾದ ಮುಕ್ತ ಸಾಫ್ಟ್‌ವೇರ್) ಕೂಡ ಹಾಕಿ ನೋಡಿದೆ. ತಿಂಗಳಿಗೆ ಐನೂರು ರೂಪಾಯಿಯ ಚಿಕ್ಕ ವಿಪಿಎಸ್ (ಬಾಡಿಗೆ ಸರ್ವರ್), ಟೇಲ್‌ಸ್ಕೇಲ್ ಬಿಲ್ಲೇ ಇಲ್ಲ. ಚೆನ್ನಾಗಿಯೇ ಓಡಿತು. ಆದರೆ ನಾನು ರಜೆ ಹಾಕಿದರೆ ಅದನ್ನು ನೋಡಿಕೊಳ್ಳುವವರು ಯಾರು? ಈಗ ನಮ್ಮ ಮನೆಯ ನೆಟ್‌ವರ್ಕ್‌ಗೆ ಬಳಸುತ್ತಿದ್ದೇನೆ.

ಹೋಲಿಕೆಯಲ್ಲಿ ಯಾರೂ ಕೇಳದ ಪ್ರಶ್ನೆ ಲಾಗ್, ಅಂದರೆ ಯಾರು ಯಾವಾಗ ಬಂದರು ಎಂಬ ದಾಖಲೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಲಾಗ್ 180 ದಿನ ಇರಬೇಕು, ದಾಳಿಯಾದರೆ 6 ಗಂಟೆಯಲ್ಲಿ ತಿಳಿಸಬೇಕು. ಕ್ಲೌಡ್‌ಫ್ಲೇರ್ ಉಚಿತದಲ್ಲಿ ಲಾಗ್ ಉಳಿಯುವುದು 24 ಗಂಟೆ. ಆದ್ದರಿಂದ ದಿನಕ್ಕೆ ಹಲವು ಸಲ ಲಾಗ್ ಎಳೆದು ಆಫೀಸಿನ ನ್ಯಾಸ್‌ನಲ್ಲಿ (ನೆಟ್‌ವರ್ಕ್ ಡಿಸ್ಕ್‌ನಲ್ಲಿ) ಇಡುವ ಸ್ಕ್ರಿಪ್ಟ್ ಬರೆದೆ, ಸರ್ವರ್‌ನ ಇವೆಂಟ್ ಲಾಗ್ ಕೂಡ ಅಲ್ಲಿಗೇ ಹೋಗುತ್ತದೆ. ಸ್ಕ್ರಿಪ್ಟ್ ಕೇಳಬೇಡಿ, ಕೊಡಲ್ಲ.

ಇನ್ನೊಂದು. ಆಡಿಟ್ ಸಮಯದಲ್ಲಿ ಸಿಎ ಆಫೀಸಿನ ಆರ್ಟಿಕಲ್ (ತರಬೇತಿಯ) ಹುಡುಗರಿಗೆ ಅನುಮತಿ ಕೊಡುತ್ತೇವೆ, ಮುಗಿದ ಮೇಲೆ ಪಾಲಿಸಿಯಿಂದ (ಯಾರಿಗೆ ಅನುಮತಿ ಎಂಬ ನಿಯಮದಿಂದ) ಹೆಸರು ತೆಗೆಯುತ್ತೇವೆ. ಅಷ್ಟಕ್ಕೇ ಕ್ಲೌಡ್‌ಫ್ಲೇರ್‌ನಲ್ಲಿ ಸೀಟು ಖಾಲಿಯಾಗುವುದಿಲ್ಲ. ಒಮ್ಮೆ ಲಾಗಿನ್ ಆದವರು ಸೀಟು ಹಿಡಿದೇ ಇರುತ್ತಾರೆ. ಬಳಕೆದಾರರ ಪಟ್ಟಿಗೆ ಹೋಗಿ ಅಲ್ಲಿಂದಲೂ ತೆಗೆಯಿರಿ, ಇಲ್ಲದಿದ್ದರೆ ಮುಂದಿನ ಆಡಿಟ್ ಹೊತ್ತಿಗೆ 50 ತುಂಬಿರುತ್ತದೆ.