ಅಲಮಾರಿ ಹಿಂದಿನ ಬಿರುಕು

ಮಡಿಕೇರಿ ಹತ್ತಿರದ ಆ ಮನೆಯನ್ನು ನಾವು ನೋಡಿದ್ದು ಫೆಬ್ರವರಿಯಲ್ಲಿ. ಒಳ್ಳೆ ಬಿಸಿಲು, ಗೋಡೆಗೆಲ್ಲ ಹೊಸ ಬಣ್ಣ, ಹಿಂದೆ ಕಾಫಿ ತೋಟ. ಕೊಡಗಿನಲ್ಲಿ ಜಾಗ ಕೊಳ್ಳುವಾಗ ಅದು ಜಮ್ಮಾನಾ (ಕುಟುಂಬಕ್ಕೆ ಒಟ್ಟಾಗಿ ಸೇರಿದ ಹಳೇ ಹಿಡುವಳಿ), ಯಾರ್ಯಾರ ಹೆಸರಿದೆ ಅನ್ನೋದೇ ದೊಡ್ಡ ಚಿಂತೆ. ನಾನೂ ಆರ್‌ಟಿಸಿ (ಪಹಣಿ), ಇಸಿ (ಋಣಭಾರ ಪತ್ರ) ತೆಗೆಸಿ ವಕೀಲರಿಗೆ ತೋರಿಸಿದೆ. ಮನೆ ಹಿಂದಿನ ಬರೆಯನ್ನು, ಅಂದರೆ ಕಡಿದಾದ ಮಣ್ಣಿನ ದಿಣ್ಣೆಯನ್ನು, ಮಾತ್ರ ಸರಿಯಾಗಿ ನೋಡಲಿಲ್ಲ.

ಜೂನ್ ಕೊನೆಗೆ ಮಳೆ ಹಿಡಿಯಿತು. ಒಂದು ವಾರಕ್ಕೆ ಅಡುಗೆಮನೆಯ ಟೈಲ್ಸ್ ಸಂದಿಯಲ್ಲಿ ಒರತೆ ಎದ್ದಿತು. ಎಷ್ಟು ಒರೆಸಿದರೂ ನೀರು ನಿಲ್ಲಲಿಲ್ಲ. ಹಿಂದಿನ ಕೋಣೆಯ ಅಲಮಾರಿಯಲ್ಲಿ ಬಟ್ಟೆಗೆಲ್ಲ ಬೂಷ್ಟು. ಗೋಡೆಗೆ ಸೇರಿಸಿ ಹೊಡೆದಿದ್ದ ಆ ಅಲಮಾರಿಯನ್ನು ಮೇಸ್ತ್ರಿ ಬಿಚ್ಚಿದಾಗ ಮೇಲಿಂದ ಕೆಳಗಿನವರೆಗೆ ಬಿರುಕು ಕಂಡಿತು. ಸಿಮೆಂಟ್ ಮೆತ್ತಿ, ಪುಟ್ಟಿ ಎಳೆದು ಮುಚ್ಚಿದ್ದರು.

ಪಕ್ಕದ ಮನೆ ಅಜ್ಜಿ ಬಂದು ನೋಡಿದರು. "2018ರ ಮಳೆಗೆ ಬರೆ ಜರಿದಾಗಲೇ ಬಿಟ್ಟಿದ್ದು ಮಗಾ. ನಿಂಗೆ ಹೇಳಿರ್ಲಿಲ್ವಾ?" ಅಂದರು. ಆ ರಾತ್ರಿ ನಾವ್ಯಾರೂ ಆ ಕೋಣೆಯಲ್ಲಿ ಮಲಗಲಿಲ್ಲ.

ಮಾರನೇ ದಿನವೇ ರಿಪೇರಿ ಶುರು ಮಾಡಿಸಲು ಹೊರಟಿದ್ದೆ. ವಕೀಲರು ತಡೆದರು. ರಿಪೇರಿ ಆದರೆ ಸಾಕ್ಷಿಯೂ ಹೋಗುತ್ತೆ ಅಲ್ವಾ? ಟಾರ್ಪಾಲ್ ಕಟ್ಟಿ ನೀರು ತಡೆದು, ಫೋಟೊ, ವಿಡಿಯೊ ತೆಗೆದಿಟ್ಟೆ. ಸಿವಿಲ್ ಎಂಜಿನಿಯರ್ ಒಬ್ಬರಿಂದ ವರದಿ ಬರೆಸಿದೆ. ಬಿರುಕು ಹಳೆಯದು, ಮುಚ್ಚಿದ್ದು ಇತ್ತೀಚೆಗೆ ಎಂದು ಅವರು ಬರೆದುಕೊಟ್ಟರು. ತಡೆಗೋಡೆ, ಚರಂಡಿ ಸೇರಿ 6.4 ಲಕ್ಷದ ಅಂದಾಜು.

ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ) ದೂರು ಕೊಡಿ ಎಂದು ತುಂಬಾ ಜನ ಹೇಳಿದರು. ಕಟ್ಟಡದ ದೋಷಕ್ಕೆ 5 ವರ್ಷದ ಹೊಣೆ ಅಲ್ಲಿರುವುದು ಬಿಲ್ಡರ್ ಮೇಲೆ. ಹಳೇ ಮನೆಯನ್ನು ಮಾಲೀಕರೇ ಮಾರಿದರೆ ಅದು ಬರುವುದಿಲ್ಲ, ಗ್ರಾಹಕರ ಆಯೋಗದಲ್ಲೂ ನಿಲ್ಲುವುದು ಕಷ್ಟ. ನಮಗೆ ಆಧಾರವಾಗಿದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ. ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ದೊಡ್ಡ ದೋಷವಿದ್ದರೆ ಹೇಳಲೇಬೇಕು. ಮುಚ್ಚಿಟ್ಟರೆ ಅದು ವಂಚನೆ.

ನಮಗೆ ಮಾರಿದವರಿಗೆ ಗೊತ್ತಿತ್ತು ಅಂತ ತೋರಿಸುವುದು ಹೇಗೆ? ಅಜ್ಜಿಯ ಮಾತೊಂದೇ ಸಾಲದು. ತಾಲ್ಲೂಕು ಕಚೇರಿಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 2018ರಲ್ಲಿ ಆ ಮನೆಗೆ ಮಳೆಹಾನಿ ಪರಿಹಾರ ಕೊಟ್ಟಿದ್ದರೆ ಅದರ ಕಡತದ ಪ್ರತಿ ಬೇಕು ಎಂದು ಕೇಳಿದೆ. ನಾಲ್ಕು ಹಾಳೆ ಸಿಕ್ಕಿತು. ಅದರಲ್ಲಿ ಮಾಲೀಕರೇ ಸಹಿ ಹಾಕಿದ ಅರ್ಜಿ ಇತ್ತು: "ಹಿಂದಿನ ಗೋಡೆ ಬಿರುಕು ಬಿಟ್ಟಿದೆ." ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಹೋಯಿತು. "ನೀವೇ ಮೂರು ಸಲ ನೋಡಿ ತಗೊಂಡಿದ್ದೀರಿ" ಎಂಬ ಉತ್ತರ ಬಂತು. ಈ ಮಾತು ಬಂದೇ ಬರುತ್ತದೆ, ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ. ಕಣ್ಣಿಗೆ ಕಾಣುವ ಬಿರುಕಾಗಿದ್ದರೆ ನಾವು ಸೋಲುತ್ತಿದ್ದೆವು. ಗೋಡೆಗೆ ಹೊಡೆದ ಅಲಮಾರಿಯನ್ನು ಯಾರೂ ಬಿಚ್ಚಿ ನೋಡುವುದಿಲ್ಲವಲ್ಲ, ಅದೇ ನಮ್ಮನ್ನು ಕಾಪಾಡಿತು.

ಎರಡು ದಾರಿ ಇತ್ತು. ಕ್ರಯಪತ್ರ ರದ್ದು ಮಾಡಿಸಿ ಹಣ ವಾಪಸ್ ಕೇಳುವುದು, ಇಲ್ಲವೇ ಮನೆ ಇಟ್ಟುಕೊಂಡು ನಷ್ಟ ಕೇಳುವುದು. ರದ್ದತಿಗೆ ಮೋಸ ಗೊತ್ತಾದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಮಗಳ ಶಾಲೆ ಇಲ್ಲೇ ಇತ್ತು. ತಡೆಗೋಡೆ ಕಟ್ಟಿದರೆ ಮನೆ ನಿಲ್ಲುತ್ತದೆ ಎಂದು ಎಂಜಿನಿಯರ್ ಹೇಳಿದ್ದರು. ಹಾಗಾಗಿ ನಷ್ಟ ಕೇಳಿದೆವು. ಎಂಜಿನಿಯರ್ ಬೇರೆ ಹೇಳಿದ್ದರೆ ನಾನು ಖಂಡಿತ ರದ್ದತಿಗೇ ಹೋಗುತ್ತಿದ್ದೆ.

ದಾವೆಗೆ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆವು. ಕೋರ್ಟ್ ಫೀ ಇಲ್ಲ. ಆ ನಾಲ್ಕು ಹಾಳೆ ಮೇಜಿನ ಮೇಲೆ ಇಟ್ಟ ಮೇಲೆ ಅವರ ಕಡೆಯವರ ದನಿ ತಗ್ಗಿತು. ಮೂರನೇ ಸಲ ಕೂತಾಗ 4.75 ಲಕ್ಷಕ್ಕೆ ರಾಜಿಯಾಯಿತು. ಅದನ್ನು ಲೋಕ ಅದಾಲತ್‌ನಲ್ಲಿ ದಾಖಲಿಸಿದೆವು. ಆ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಕೊಡದಿದ್ದರೆ ನೇರ ಜಾರಿಗೆ ಹೋಗಬಹುದು.

ರಾಜಿ ಹಣದ ಎರಡನೇ ಚೆಕ್ ಮಾರ್ಚ್‌ನಲ್ಲಿ ಪಾಸಾಯಿತು. ಮಳೆಗೆ ಮೊದಲೇ ತಡೆಗೋಡೆ ಮುಗಿಯಲಿ ಎಂದು ಮಾರನೇ ವಾರವೇ ಕೆಲಸ ಹಚ್ಚಿದೆವು.